ಗ್ರಹಣ ಕಂಡ ಎಕ್ಸ್‌ರೇ

ಇಡೀ ಮನೆ ಜಾಲಾಡಿದ ಮೇಲೆ ರಂಜಿತಳಿಗೆ ಸಿಕ್ಕಿದ್ದು ಒಂದೇ ಒಂದು ಕಾಗದ. ಆ ಒಂದು ಕಾಗದವೂ ಸುಳ್ಳು ಹೇಳುತ್ತಿತ್ತು.

ಮದ್ದೂರಿನ ಮೂಳೆ ಡಾಕ್ಟರೊಬ್ಬರು ಹತ್ತು ವರ್ಷದ ಹಿಂದೆ ಮಾವನಿಗೆ ಬರೆದುಕೊಟ್ಟ ಚೀಟಿ ಅದು. ಮಡಿಕೆಯಲ್ಲೆಲ್ಲ ಸವೆದು, ಬಿಡಿಸಿದರೆ ನಾಲ್ಕು ತುಂಡಾಗುವ ಹಾಗಿತ್ತು. ಹೊನ್ನಯ್ಯ, ನಲವತ್ತಾರು ವರ್ಷ, ಎಡ ಸೊಂಟದಲ್ಲಿ ನೋವು. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: ಬಹಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದದ್ದು.

ರಂಜಿತ ಆ ಸಾಲನ್ನು ಮೂರು ಸಲ ಓದಿದಳು. ಎಂಟು ತಿಂಗಳ ಮಗ ಅಪ್ಪು ಅವಳ ತೊಡೆಯ ಮೇಲೆ ಕೂತು ಚೀಟಿಗೆ ಕೈ ಹಾಕುತ್ತಿದ್ದ. ಅವನು ಅದನ್ನು ಬಾಯಿಗಿಟ್ಟುಕೊಂಡರೆ ಹಳೇ ಕಾಗದದ ಧೂಳಿಗೆ ಹೊಟ್ಟೆ ಕೆಡಬಹುದು, ಹರಿದುಹಾಕಿದರೆ ಮಾವನ ಪಿಂಚಣಿ ಕೆಡಬಹುದು. ಎರಡೂ ಚಿಂತೆ ಒಟ್ಟಿಗೇ ಬಂದವು. ಹಾಗೆ ಬರುವುದು ಅವಳಿಗೆ ಅಭ್ಯಾಸ. ಮೈಸೂರಿನಲ್ಲಿ ಬಿ.ಕಾಂ. ಓದಿದವಳು, ಮಗು ಸೀನಿದರೆ ಫೋನಿನಲ್ಲಿ ಹುಡುಕಿ ನೋಡುವವಳು, ಮಾವನ ಸೊಂಟದೊಳಗೆ ಕಬ್ಬಿಣದ ಚೂರು ಇದೆಯೆಂದು ತಿಳಿದಂದಿನಿಂದ ಅದು ಮೆಲ್ಲಗೆ ಎದೆಯ ಕಡೆಗೆ ತೆವಳುತ್ತಿದೆಯೇನೋ ಎಂದು ಊಟ ಬಿಟ್ಟವಳು.

ಅದು ತಿಳಿದದ್ದು ಹಿಂದಿನ ವಾರ, ಮಂಡ್ಯದ ಮಾಜಿ ಸೈನಿಕರ ಸಂಘದ ಕೋಣೆಯಲ್ಲಿ. ಅಲ್ಲಿ ಅರ್ಜಿ ಬರೆದುಕೊಡುವ ಶಿವರಾಮು ತಾವೂ ಹವಾಲ್ದಾರರಾಗಿದ್ದವರು. ಅಂಗವೈಕಲ್ಯ ಪಿಂಚಣಿಗೆ ಏನೇನು ಬೇಕು ಎಂದು ಮೆಲ್ಲಗೆ, ಪಾಠ ಹೇಳುವವರಂತೆ ಹೇಳಿದರು. ಗಾಯ ನೌಕರಿಯಲ್ಲಿದ್ದಾಗಲೇ ಆಗಿರಬೇಕು, ಅದಕ್ಕೆ ಪುರಾವೆ ಬೇಕು, ಈಗಲೂ ಅದೇ ಗಾಯ ಕಾಡುತ್ತಿದೆಯೆಂದು ಡಾಕ್ಟರು ಬರೆಯಬೇಕು. ಹೊನ್ನಯ್ಯನ ಸರ್ವೀಸ್ ಪುಸ್ತಕದಲ್ಲಿ 2002ರ ಮೇ ತಿಂಗಳಿಂದ ನಲವತ್ತು ದಿನ ಆಸ್ಪತ್ರೆ ಎಂದಿತ್ತು, ಯಾಕೆ ಎಂದಿರಲಿಲ್ಲ. ಆ ಮಿಲಿಟರಿ ಆಸ್ಪತ್ರೆಗೆ ಶಿವರಾಮು ಮೊದಲೇ ಬರೆದ ಪತ್ರಕ್ಕೆ ಉತ್ತರ ಬಂದಿತ್ತು: ಇಟ್ಟುಕೊಳ್ಳಬೇಕಾದ ಅವಧಿ ಮುಗಿದಿದೆ, ಕಡತ ಉಳಿದಿಲ್ಲ. ವೈದ್ಯರ ಮಂಡಳಿಯ ಮುಂದೆ ಹಾಜರಾಗುವ ದಿನ ಗೊತ್ತಾಗಿತ್ತು, ಈಗ ಅದಕ್ಕೆ ಉಳಿದದ್ದು ಹದಿನೆಂಟು ದಿನ.

ಬಚ್ಚಲಲ್ಲಿ ಬಿದ್ದಿರಾ ಅಂತ ಶಿವರಾಮು ಕೇಳಿದರು. ಊರೆಲ್ಲ ಹಾಗೇ ಹೇಳುತ್ತದೆ, ರಂಜಿತಳೂ ಹಾಗೇ ಹೇಳಿದ್ದಳು. ಹೊನ್ನಯ್ಯ ತಿರುಗುವ ಫ್ಯಾನನ್ನು ನೋಡುತ್ತಾ ಕೂತಿದ್ದವನು, ಆ ಫ್ಯಾನಿಗೇ ಹೇಳುವವನಂತೆ ಹೇಳಿದ.

"ಬಚ್ಚಲಲ್ಲಿ ಬೀಳ್ನಿಲ್ಲ ಕಣಪ್ಪ. ಮೈನು ಸಿಡೀತು. ನಮ್ಮವ್ವ ಎದ್ರುಕೊಂಡಾಳು ಅಂತ ಅಂಗಂದಿದ್ದೆ."

ಅಷ್ಟೇ. ಇಪ್ಪತ್ಮೂರು ವರ್ಷದಿಂದ ಒಳಗಿದ್ದದ್ದು ಒಂದು ಉಸಿರಲ್ಲಿ ಹೊರಗೆ ಬಂತು.

ಆಮೇಲೆ ಬಸ್ಸಿನ ಕಿಟಕಿಯ ಪಕ್ಕ ಕೂತು ಅವನು ಚೂರುಚೂರಾಗಿ ಹೇಳಿದ್ದನ್ನೆಲ್ಲ ರಂಜಿತ ಮನಸ್ಸಿನಲ್ಲೇ ಜೋಡಿಸಿಕೊಂಡಳು. ಹತ್ತೊಂಬತ್ತನೇ ವಯಸ್ಸಿಗೆ ಹೊನ್ನಯ್ಯ ಯಲಿಯೂರಿನ ಸ್ಟೇಷನ್ನಿನಲ್ಲಿ ಪ್ಯಾಸೆಂಜರು ಹತ್ತಿದ್ದ, ಚೀಲದಲ್ಲಿ ಎರಡು ರಾಗಿ ರೊಟ್ಟಿ, ಒಂದು ಟವಲು. ಸ್ಯಾಪರ್ ಆದ, ಎಂದರೆ ಸೇತುವೆ ಕಟ್ಟುವ, ದಾರಿ ಮಾಡುವ, ಮೈನೆಂಬ ನೆಲಬಾಂಬು ಹುಗಿಯುವ ಪಡೆಯವನು. ರಾಜಸ್ಥಾನದ ಗಡಿಯಲ್ಲಿ ನೇಗಿಲ ಸಾಲು ಹೊಡೆದಷ್ಟೇ ನೆಟ್ಟಗೆ ಮೈನಿನ ಸಾಲು ಹುಗಿಯುತ್ತಿದ್ದರು. ಹತ್ತು ಹೆಜ್ಜೆ ಆಚೆ ಒಂದು ಸಿಡಿಯಿತು. ಅಲ್ಲಿದ್ದವನ ಹೆಸರನ್ನು ಹೊನ್ನಯ್ಯ ಹೇಳಲಿಲ್ಲ. ತನ್ನ ಸೊಂಟದಲ್ಲಿ ಹೊಕ್ಕ ದೊಡ್ಡ ಚೂರನ್ನು ತೆಗೆದರು, ನರದ ಪಕ್ಕದಲ್ಲಿದ್ದ ಸಣ್ಣದನ್ನು ಬಿಟ್ಟರು ಎಂದ. ರಜೆಗೆ ಬಂದಾಗ ಕುಂಟುವುದನ್ನು ಕಂಡು ಅವ್ವ ಕೇಳಿದಳು, ಅವನು ಬಚ್ಚಲೆಂದ. ಐದು ವರ್ಷದ ಮೇಲೆ ನೌಕರಿ ಮುಗಿಸುವಾಗ ಡಾಕ್ಟರು ನೋವಿದೆಯಾ ಅಂದರು, ಇಲ್ಲ ಸಾಹೇಬ್ ಅಂದ, ಅವ್ವ ಹಾಸಿಗೆ ಹಿಡಿದಿದ್ದಳು, ಅವತ್ತಿನ ರೈಲು ತಪ್ಪಬಾರದಿತ್ತು. ಆಮೇಲೆ ಮದ್ದೂರಿನ ಬ್ಯಾಂಕಿನ ಬಾಗಿಲಲ್ಲಿ ಹದಿನಾರು ವರ್ಷ ಬಂದೂಕು ಹಿಡಿದು ನಿಂತ, ಒಂದೇ ಕಾಲಿನ ಮೇಲೆ ಭಾರ ಹಾಕಿ. ಈಗ ಕಾಲು ಗಳಿಗೆಯೂ ನಿಲ್ಲಲಾರ. ಮೊಮ್ಮಗನನ್ನು ಎತ್ತಿಕೊಳ್ಳಲು ಬಗ್ಗಿದರೆ ಮೇಲೇಳಲು ಇನ್ನೊಬ್ಬರ ಕೈ ಬೇಕು.

ಊರಿನವರು ಅವನನ್ನು ಕರೆಯುವುದು ಮಿಲ್ಟ್ರಿ ಹೊನ್ನಯ್ಯ ಎಂದು. ಹಿಂದಿನಿಂದ, ಬಚ್ಚಲಲ್ಲಿ ಬಿದ್ದ ಮಿಲ್ಟ್ರಿ ಎಂದು.

ಅತ್ತೆ ಬೆಳ್ಳಮ್ಮನಿಗೆ ಇದನ್ನು ಹೇಳುವ ಕೆಲಸ ರಂಜಿತಳ ಪಾಲಿಗೆ ಬಂತು. ಗಂಡ ಸ್ವಾಮಿ ಮಳವಳ್ಳಿ ಡಿಪೋದಲ್ಲಿ ಬಸ್ ಡ್ರೈವರು, ಅವತ್ತು ಡ್ಯೂಟಿಯಲ್ಲಿದ್ದ. ಬೆಳ್ಳಮ್ಮ ಬಚ್ಚಲ ಕಲ್ಲನ್ನು ಇಟ್ಟಿಗೆ ಚೂರಿನಿಂದ ಉಜ್ಜುತ್ತಿದ್ದಳು. ದಿನಾ ಬೆಳಗ್ಗೆ ಉಜ್ಜುತ್ತಾಳೆ, ಪಾಚಿ ಕಟ್ಟದ ಹಾಗೆ, ನುಣುಪಾಗದ ಹಾಗೆ. ಆ ಕಲ್ಲು ಸವೆದು ನಡುವೆ ತಟ್ಟೆಯ ಹಾಗೆ ಗುಳಿ ಬಿದ್ದಿದೆ. ಹೇಳಿದ್ದನ್ನು ಪೂರ್ತಿ ಕೇಳಿದಳು. ಕೈ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಉಜ್ಜತೊಡಗಿದಳು.

"ಇಪ್ಪತ್ ವರ್ಸ ಉಜ್ಜಿವ್ನಿ ಈ ಕಲ್ಲ," ಅಂದಳು. "ಇನ್ನೊಂದಪ ಜಾರ್ಬಾರ್ದು ಅಂತ."

ಮದ್ದೂರಿನ ಡಾಕ್ಟರ ಮುಂದೆ ಬಚ್ಚಲ ಕಥೆ ಹೇಳಿದವಳೂ ಅವಳೇ. ತಿಳಿದಿದ್ದನ್ನೇ ಹೇಳಿದ್ದಳು.

ಇನ್ನು ಉಳಿದಿದ್ದು ಎಕ್ಸ್‌ರೇ. ಆ ನಲವತ್ತು ದಿನದಲ್ಲಿ ತೆಗೆದದ್ದು, ಮೂಲೆಯಲ್ಲಿ ಆರ್ಮಿ ನಂಬರು ಮತ್ತು ತಾರೀಖು ಇದ್ದದ್ದು, ಜೋಪಾನ ಎಂದು ಹೇಳಿ ಕೈಗೆ ಕೊಟ್ಟಿದ್ದದ್ದು. ಅದೊಂದಿದ್ದರೆ ಸಾಕು ಎಂದಿದ್ದರು ಶಿವರಾಮು, ತಾರೀಖು ಪುಸ್ತಕದ ತಾರೀಖಿಗೆ ಕೂಡುತ್ತದೆ, ಬಚ್ಚಲಲ್ಲಿ ಕಬ್ಬಿಣ ಹೊಕ್ಕಿತು ಅಂತ ಯಾರೂ ಅನ್ನಲಾರರು. ರಂಜಿತ ಟ್ರಂಕಿನಿಂದ ಕಂದು ಕವರನ್ನು ತೆಗೆದಳು. ಕವರು ಖಾಲಿ.

ಎಲ್ಲಿ ಮಾವ ಎಂದು ಕೇಳಿದಳು. ಹೊನ್ನಯ್ಯ ಜಗಲಿಯಲ್ಲಿ ಕೂತು ತನ್ನ ಎರಡು ಬಂಡೂರು ಕುರಿಗಳಲ್ಲಿ ಒಂದರ ತುಪ್ಪಟ ಕತ್ತರಿಸುತ್ತಿದ್ದ. ಕತ್ತರಿಯನ್ನು ಎತ್ತಿ ತೋರಿಸಿದ.

"ಇದ್ರಲ್ಲೇ ಕತ್ತರ್ಸಿ ಅಂಚ್ಬುಟ್ಟೆ ಕಣವ್ವ. ಗ್ರಾಣ ನೋಡಾಕೆ."

2019ರ ಡಿಸೆಂಬರಿನ ಗ್ರಹಣ ಅದು. ಬೆಳಗಿನ ಹೊತ್ತು. ಬರಿಗಣ್ಣಲ್ಲಿ ನೋಡಬೇಡಿ ಎಂದು ಟಿ.ವಿ.ಯಲ್ಲಿ ಹೇಳಿದ್ದರು, ಊರಿನಲ್ಲಿ ಎಕ್ಸ್‌ರೇ ಇದ್ದದ್ದು ಹೊನ್ನಯ್ಯನ ಮನೆಯಲ್ಲಿ ಮಾತ್ರ. ಜನ ಬಂದು ಜಗಲಿಯ ಮುಂದೆ ನಿಂತರು. ಅವನು ಸಾಲಾಗಿ ನಿಲ್ಲಿಸಿ, ಫಿಲ್ಮನ್ನು ಅಳೆದು, ನೇರ ಗೆರೆಯಲ್ಲಿ ಹನ್ನೆರಡು ಚೂರು ಮಾಡಿ, ಒಂದೊಂದು ಮನೆಗೆ ಒಂದೊಂದರಂತೆ ಕೊಟ್ಟಿದ್ದ. ಇಂಥಾ ಫಿಲ್ಮಿನಲ್ಲಿ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ ಎಂದು ರಂಜಿತಳಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಆರು ವರ್ಷದ ಹಿಂದಿನ ಕಣ್ಣುಗಳಿಗಾಗಿ ಅವಳು ಈಗ ಹೆದರಿದಳು. ಆಮೇಲೆ ಅಪ್ಪುವನ್ನು ಹೆಗಲಿಗೆ ಹಾಕಿಕೊಂಡು, ಟೋಪಿ ತೊಡಿಸಿ, ಬಿಸಿನೀರಿನ ಬಾಟಲಿ ತೆಗೆದುಕೊಂಡು ಚೂರು ಹುಡುಕಲು ಹೊರಟಳು.

ಅವಳು ಆ ಗ್ರಹಣದ ಹೊತ್ತಿಗೆ ಈ ಊರಿಗೆ ಬಂದಿರಲಿಲ್ಲ. ಆದರೂ ಬೀದಿಯಲ್ಲಿ ನಡೆಯುತ್ತಿದ್ದಂತೆ, ಒಂದೊಂದು ಮನೆಯವರೂ ಹೇಳಿದ್ದು ಸೇರಿಸೇರಿ, ಆ ಬೆಳಗು ಅವಳ ಸುತ್ತ ಮತ್ತೆ ಬಂದು ನಿಂತಿತು. ಬೆಳಕು ನೀರು ಮಜ್ಜಿಗೆಯಷ್ಟು ತೆಳುವಾಗಿತ್ತಂತೆ. ಕೋಳಿಗಳು ಒಂಬತ್ತು ಗಂಟೆಗೇ ಗೂಡು ಸೇರಿದವಂತೆ. ಹೊಂಗೆ ಮರದ ಕೆಳಗೆ ನೆರಳಿನ ನಡುವೆ ಚುಕ್ಕಿಚುಕ್ಕಿಯಾಗಿ ಬೀಳುವ ಬಿಸಿಲು ಅವತ್ತು ಚುಕ್ಕಿಯಾಗಿರಲಿಲ್ಲ, ಸಾವಿರಾರು ಸಣ್ಣ ಕುಡುಗೋಲಾಗಿತ್ತಂತೆ. ಕುಡುಗೋಲುಗಳ ಮೇಲೆ ಕಾಲಿಡಲು ಹೆದರಿ ಮಕ್ಕಳು ದಾಟಿ ದಾಟಿ ನಡೆದರಂತೆ. ಕಬ್ಬಿನ ಗದ್ದೆಯ ಮೇಲೆ ಗಾಳಿ ನಿಂತು, ದೂರದಲ್ಲಿ ಮೈಸೂರಿನ ರೈಲು ಹೋದ ಸದ್ದು ನೀರಿನೊಳಗಿಂದ ಕೇಳಿದಂತೆ ಕೇಳಿತಂತೆ. ಬೀದಿಯ ಉದ್ದಕ್ಕೂ ಜನ ತಲೆ ಎತ್ತಿ ನಿಂತಿದ್ದಾರೆ, ಎಲ್ಲರ ಕಣ್ಣಿನ ಮುಂದೆಯೂ ಒಂದೊಂದು ಕಪ್ಪು ಚೂರು. ಇಡೀ ಊರು ಮಾವನ ಸೊಂಟದೊಳಗಿಂದ ಸೂರ್ಯನನ್ನು ನೋಡುತ್ತಿದೆ. ಯಾರೂ ಅದು ಏನೆಂದು ಕೇಳಲಿಲ್ಲ. ಅವಳ ಹೆಗಲ ಮೇಲೆ ಅಪ್ಪು ನಿದ್ದೆ ಹೋಗಿದ್ದ, ಅವನ ಉಸಿರು ಅವಳ ಕುತ್ತಿಗೆಗೆ ಬಿಸಿಯಾಗಿ ತಾಗುತ್ತಿತ್ತು, ಅವಳು ಯಾವ ವರ್ಷದಲ್ಲಿ ನಡೆಯುತ್ತಿದ್ದಾಳೆಂದು ಅವಳಿಗೇ ಮರೆಯುತ್ತಿತ್ತು.

ಚೂರುಗಳು ಎಲ್ಲೆಲ್ಲಿಂದಲೋ ಬಂದವು. ತಿಮ್ಮಯ್ಯನ ಕೊಟ್ಟಿಗೆಯಲ್ಲಿ ಸ್ವಿಚ್ಚಿನ ಮೇಲೆ ಮಳೆನೀರು ಬೀಳದ ಹಾಗೆ ಒಂದನ್ನು ಮೊಳೆ ಹೊಡೆದು ಕೂರಿಸಿದ್ದರು. ಕೀಳುವಾಗ ಅವನು ಹೊಸ ಪ್ಲಾಸ್ಟಿಕ್ಕು ತಂದುಕೊಡುವ ಮಾತು ತೆಗೆದುಕೊಂಡೇ ಕೊಟ್ಟ. ಒಂದು ದೇವರಮನೆಯ ಕಿಟಕಿಯಲ್ಲಿ ಒಡೆದ ಗಾಜಿಗೆ ಬದಲಾಗಿ ನಿಂತಿತ್ತು. ಎರಡು ಅಕ್ಕಪಕ್ಕದ ಮನೆಗಳ ಶಾಲೆ ಪುಸ್ತಕಗಳಲ್ಲಿ ಸಿಕ್ಕವು. ಒಂದು ನಾಲೆಯಲ್ಲಿ ತೇಲಿಹೋಯಿತಂತೆ, ಒಂದನ್ನು ಕರು ತಿಂದಿತಂತೆ. ಕರುವಿಗೆ ಏನೂ ಆಗಲಿಲ್ಲವಾ ಎಂದು ರಂಜಿತ ಕೇಳಿದ್ದಕ್ಕೆ ಆ ಮನೆಯವರು ಅದು ಈಗ ಮೂರು ಸೂಲಿನ ಹಸು ಎಂದರು.

ಕೆಂಪಸಿದ್ದಯ್ಯ ಮಾತ್ರ ಅವಳು ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ ಪಂಚಾಂಗದ ನಡುವಿನಿಂದ ಚೂರನ್ನು ತಂದ. ಎಪ್ಪತ್ತು ದಾಟಿದ ಮುದುಕ. ಆರು ವರ್ಷದಿಂದ ಈ ಜಗಳಕ್ಕಾಗಿಯೇ ಅದನ್ನು ಕಾದಿಟ್ಟಿದ್ದ.

"ಎಲ್ರಿಗೂ ಕರೀದು ಕೊಟ್ಟು ನಂಗೆ ಬಿಳೀದು ಕೊಟ್ಟವ್ನೆ ಕಣಮ್ಮಿ ನಿಮ್ ಮಾವ. ಏನ್ ಕಂಡಾತು ಇದ್ರಲ್ಲಿ? ಕಣ್ಣಲ್ಲಿ ನೀರ್ ಬಂತು ಅಷ್ಟೆ."

ರಂಜಿತ ಅದನ್ನು ಬಿಸಿಲಿಗೆ ಹಿಡಿದಳು. ಮೂಳೆ ಇರುವ ಕಡೆ ಫಿಲ್ಮು ಬೆಳ್ಳಗಿರುತ್ತದೆ, ಸೂರ್ಯನಿಗೆ ಅದು ಕೆಲಸಕ್ಕೆ ಬಾರದು. ಆ ಬಿಳುಪಿನ ನಡುವೆ ಇನ್ನೂ ಬೆಳ್ಳಗೆ, ಭತ್ತದ ಕಾಳಿನಷ್ಟು, ಒಂದು ಚೂರು ಹೊಳೆಯಿತು. ಇದು ಮಾವನ ಸೊಂಟದಲ್ಲಿರುವ ಕಬ್ಬಿಣ ಅಜ್ಜ, ಮೈನು ಸಿಡಿದದ್ದು, ಎಂದಳು. ಕೆಂಪಸಿದ್ದಯ್ಯ ಅದನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದ. ಬಚ್ಚಲು ಅಲ್ಲವಾ ಎಂದು ಕೇಳಿದ. ಅಲ್ಲ ಎಂದಳು. ಅವನು ಪಂಚಾಂಗವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಜಗಳ ಮುಂದುವರಿಸದೆ ಒಳಗೆ ಹೋದ.

ವಾರ ಕಳೆಯುವಷ್ಟರಲ್ಲಿ ಒಂಬತ್ತು ಚೂರು ಕೂಡಿದ್ದವು. ರಂಜಿತ ಅವನ್ನು ಕಿಟಕಿಯ ಗಾಜಿಗೆ ಟೇಪಿನಿಂದ ಅಂಟಿಸಿ ಜೋಡಿಸಿದಳು. ಬೆಳಗಿನ ಬಿಸಿಲು ಬಿದ್ದಾಗ ಕೋಣೆಯೊಳಗೆ ನೀಲಿ ನೆರಳು ಹರಡುತ್ತಿತ್ತು, ಅಪ್ಪು ಆ ನೆರಳಿನ ಮೇಲೆ ಅಂಬೆಗಾಲಿಟ್ಟು ಹೋಗಿ ಅಜ್ಜನ ಸೊಂಟದ ಮೂಳೆಯನ್ನು ನೆಲದಿಂದ ಎತ್ತಿಕೊಳ್ಳಲು ನೋಡುತ್ತಿದ್ದ. ನಾಲೆಗೂ ಕರುವಿಗೂ ಹೋದ ಎರಡು ಬಿಟ್ಟರೆ ಎಲ್ಲ ಇತ್ತು, ಮೇಲಿನ ಬಲ ಮೂಲೆ ಇರಲಿಲ್ಲ. ನಂಬರೂ ತಾರೀಖೂ ಅಲ್ಲೇ. ಅದಿಲ್ಲದೆ ಇದು ಯಾರ ಸೊಂಟವೂ ಆಗಬಹುದಿತ್ತು, ಯಾವ ವರ್ಷದ್ದೂ. ಇನ್ನು ಹತ್ತು ದಿನ ಉಳಿದಿತ್ತು.

ಆ ಮೂಲೆ ಯಾರಿಗೆ ಹೋಯಿತೆಂದು ಹೊನ್ನಯ್ಯನನ್ನು ಕೇಳಿದರೆ ಅವನು ಕುರಿಯ ಕಿವಿ ಸವರತೊಡಗಿದ. ಬಲವಂತ ಮಾಡಿದ ಮೇಲೆ, ಅದನ್ನು ನಾನು ಹೇಳಬಾರದು ಎಂದ. ಅವನಿಗಾಗಿಯೇ ಇಷ್ಟೆಲ್ಲ ಅಲೆದವಳಿಗೆ ಸಿಟ್ಟು ಬಂತು. ಸಂಜೆಯ ಹೊತ್ತಿಗೆ ಅವನೇ ಅರ್ಧ ಹೇಳಿದ: ಬಸುರಿ ಹೆಂಗಸು, ಪಾಪ, ಕತ್ತಲಲ್ಲಿ ಕೂತಿದ್ದಳು.

ಗ್ರಹಣದ ಹೊತ್ತಿನಲ್ಲಿ ಬಸುರಿಯರನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂರಿಸುವುದು ಇಲ್ಲಿ ರೂಢಿ. ಬೆಳಕು ಬಿದ್ದರೆ ಹುಟ್ಟುವ ಮಗುವಿನ ಮೈಮೇಲೆ ಗುರುತು ಬೀಳುತ್ತದೆ ಎನ್ನುತ್ತಾರೆ. ಆ ವರ್ಷ ಬಸುರಿಯಾಗಿದ್ದವಳು ಒಬ್ಬಳೇ, ಚಿಕ್ಕಬೋರಮ್ಮನ ಸೊಸೆ ಅನು. ಚಿಕ್ಕಬೋರಮ್ಮ ಅಂಗಳದಲ್ಲಿ ತಟ್ಟೆಗೆ ನೀರು ಹಾಕಿ, ಗ್ರಹಣ ಹಿಡಿದಿದ್ದಕ್ಕೆ ಗುರುತಾಗಿ ಒನಕೆ ನಿಲ್ಲಿಸುವ ಗಡಿಬಿಡಿಯಲ್ಲಿದ್ದಾಗ, ಹೊನ್ನಯ್ಯ ಹಿತ್ತಲ ಕಡೆಯ ಕಿಟಕಿಯ ಸಂದಿಯಲ್ಲಿ ಒಂದು ಚೂರನ್ನು ಒಳಗೆ ತಳ್ಳಿದ್ದ. ಹುಟ್ಟಿದ ಮಗು ಗಗನ. ಈಗ ಐದು ವರ್ಷ ದಾಟಿದೆ, ಬಲ ಹುಬ್ಬಿನ ತುದಿಯಲ್ಲಿ ಬೆರಳುಗುರಿನಷ್ಟು ಬಿಳಿ ಮಚ್ಚೆ.

ಮರುದಿನ ರಂಜಿತ ನೀರಿನ ತೊಂಬೆಯ ಹತ್ತಿರ ಅನುವನ್ನು ಕೇಳಿದಳು. ಅನು ಕೊಡ ತುಂಬಿ ಚೆಲ್ಲಿದರೂ ನಲ್ಲಿ ನಿಲ್ಲಿಸಲಿಲ್ಲ. ನನಗೆ ಯಾರೂ ಏನೂ ಕೊಟ್ಟಿಲ್ಲ, ನಾನು ಏನೂ ನೋಡಿಲ್ಲ ಎಂದಳು. ರಂಜಿತ ಮತ್ತೆ ಕೇಳಲಿಲ್ಲ. ಗಗನಳ ಮಚ್ಚೆ ಮಚ್ಚೆಯಷ್ಟೇ, ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಆದರೆ ಅಪ್ಪುವಿನ ತುಟಿಯ ಕೆಳಗೆ ಒಂದು ಕೆಂಪು ಚುಕ್ಕಿ ಎದ್ದಾಗ, ತಾನು ಬಸುರಿಯಾಗಿದ್ದಾಗ ಏನೇನು ತಿಂದೆನೆಂದು ಮೂರು ದಿನ ಲೆಕ್ಕ ಹಾಕಿದವಳು ಅವಳೇ. ಅನುವಿನ ಜಾಗದಲ್ಲಿದ್ದರೆ ತಾನೂ ಕೊಡ ತುಂಬಿ ಚೆಲ್ಲಲು ಬಿಡುತ್ತಿದ್ದಳು.

ಮಾರನೆಯ ಬೆಳಗ್ಗೆ ಚಿಕ್ಕಬೋರಮ್ಮ ಬಂದಳು. ಅವರೆಕಾಯಿ ಕೊಡುವ ನೆಪದಲ್ಲಿ ನೇರ ಕೋಣೆಗೇ ಬಂದು, ಕಿಟಕಿಯ ಮೇಲಿನ ಮಾವನ ಸೊಂಟವನ್ನು ಒಮ್ಮೆ ನೋಡಿ, ಸೆರಗಿನ ಗಂಟು ಬಿಚ್ಚಿದಳು. ರವಿಕೆ ಬಟ್ಟೆಯಲ್ಲಿ ಸುತ್ತಿದ ಒಂದು ಕಪ್ಪು ಚೂರು. ಅದರ ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ಹೆಸರು, 23-5-2002.

"ಅವ್ಳ ಟ್ರಂಕಲ್ಲಿತ್ತು ಕಣಮ್ಮಿ. ಕೂಸು ಉಟ್ಟಿದ ವರ್ಸಾನೇ ನೋಡಿವ್ನಿ. ನೋಡಿ ಅಲ್ಲೇ ಮಡಗ್ದೆ."

ಇಷ್ಟು ವರ್ಷ ಯಾಕೆ ಕೇಳಲಿಲ್ಲ ದೊಡ್ಡವ್ವ ಎಂದಳು ರಂಜಿತ.

"ಕೇಳಿ ಏನ್ ಮಾಡ್ಲಿ? ಆ ಮಚ್ಚೆ ನಮ್ಮವ್ವನ್ಗೂ ಇತ್ತು ಅಂತ ಊರ್ಗೆಲ್ಲ ಯೋಳ್ಕಂಡ್ ಬಂದಿವ್ನಿ. ನಮ್ಮವ್ವನ್ಗೆ ಯಾವ್ ಮಚ್ಚೇನೂ ಇರ್ನಿಲ್ಲ." ಅವರೆಕಾಯಿಯನ್ನು ಮೊರಕ್ಕೆ ಸುರಿದಳು. "ನಾನ್ ತಂದ್ಕೊಟ್ಟೆ ಅಂತ ಅವ್ಳಿಗೆ ಯೋಳ್ಬ್ಯಾಡ. ನಂಗ್ ಗೊತ್ತು ಅಂತ ಗೊತ್ತಾದ್ರೆ ಸುಮ್ಕೆ ಎದ್ರುಕೊತದೆ."

ಅವಳು ಹೋಗಿ ಒಂದು ಗಂಟೆಯಾಗಿರಲಿಲ್ಲ, ಹಿತ್ತಲ ಬಾಗಿಲಲ್ಲಿ ಅನು ನಿಂತಿದ್ದಳು, ಮುಖ ಬೆಳ್ಳಗಾಗಿತ್ತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ, ಹೊನ್ನಯ್ಯ ಮಾವ ಅವತ್ತು ಮಾಡಿದ ಉಪಕಾರಕ್ಕೆ ತಾನು ಸುಳ್ಳು ಹೇಳಿದೆನಲ್ಲ ಎಂದು ಬೆಳಗ್ಗೆ ಟ್ರಂಕು ತೆಗೆದರೆ ಚೂರು ಇಲ್ಲವಂತೆ. ಆ ಕೋಣೆ ಎಷ್ಟು ಕತ್ತಲಿತ್ತೆಂದು ಹೇಳಿದಳು, ತನ್ನ ಕೈ ತನಗೇ ಕಾಣುತ್ತಿರಲಿಲ್ಲ. ಸಂದಿಯಲ್ಲಿ ಚೂರು ಹಿಡಿದಾಗ ಕೆಂಡದ ಬಳೆಯ ತುಂಡಿನ ಹಾಗೆ ಸೂರ್ಯ ಕಂಡ, ಒಳಗೆ ಮಗು ಹೊರಳಿತು, ಅದಕ್ಕೇ ಆ ಹೆಸರು ಇಡಿಸಿದೆ. ರಂಜಿತ ಅವಳ ಕೈ ಹಿಡಿದು ಕೋಣೆಗೆ ಕರೆತಂದು ಕಿಟಕಿಯನ್ನು ತೋರಿಸಿದಳು. ಮೂಲೆ ತನ್ನ ಜಾಗದಲ್ಲಿ ಕೂತಿತ್ತು. ಯಾರು ಕೊಟ್ಟರೆಂದು ನಾನು ಹೇಳುವ ಹಾಗಿಲ್ಲ ಅಕ್ಕ ಎಂದಳು. ಅನು ಕಿಟಕಿಯನ್ನು ನೋಡಿದಳು, ಮೊರದಲ್ಲಿದ್ದ ತಮ್ಮ ಹೊಲದ ಅವರೆಕಾಯಿಯನ್ನು ನೋಡಿದಳು. ಆಮೇಲೆ ನೆಲದಲ್ಲಿ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ಮಂಡ್ಯದ ಜಿಲ್ಲಾ ಆಸ್ಪತ್ರೆಗೆ ಹೋದದ್ದು ನಾಲ್ಕು ಜನ: ಹೊನ್ನಯ್ಯ, ಬೆಳ್ಳಮ್ಮ, ರಂಜಿತ, ಅವಳ ಕಂಕುಳಲ್ಲಿ ಅಪ್ಪು. ಎಕ್ಸ್‌ರೇ ನೋಡುವ ಡಾಕ್ಟರು ಹರ್ಷವರ್ಧನ, ವಯಸ್ಸು ಚಿಕ್ಕದು. ಹೊಸ ಎಕ್ಸ್‌ರೇ ತೆಗೆಸಿ, ಹಳೆಯದನ್ನು ಅದರ ಪಕ್ಕದಲ್ಲೇ ದೀಪದ ಡಬ್ಬಿಯ ಮೇಲೆ ಸಿಕ್ಕಿಸಿದರು. ಟೇಪಿನ ಗೆರೆಗಳು ಗದ್ದೆಯ ಬದುಗಳ ಹಾಗೆ ಕಾಣುತ್ತಿದ್ದವು, ಎರಡು ಕಡೆ ಚೂರಿಲ್ಲದೆ ಬರೀ ಬೆಳಕು. ಇದೇನು ಹೀಗೆ ಎಂದು ಕೇಳಿ, ಉತ್ತರ ಕೇಳಿ, ಅವರು ಡಬ್ಬಿಯ ಹತ್ತಿರ ಬಗ್ಗಿದರು. ಸ್ಕೇಲು ಇಟ್ಟು ಅಳೆದರು. ಹೊಸದರಲ್ಲೂ ಅದೇ ಭತ್ತದ ಕಾಳು, ಅದೇ ಮೂಳೆಯ ಅದೇ ಪಕ್ಕ. ಒಂದು ಕೂದಲೆಳೆಯೂ ಸರಿದಿರಲಿಲ್ಲ. ಎಷ್ಟೋ ದಿನದ ಮೇಲೆ ರಂಜಿತಳಿಗೆ ಹಸಿವಾಯಿತು.

ಇದು ಹೇಗಾಯಿತು ಎಂದು ಡಾಕ್ಟರು ಕೇಳಿದರು, ಬರೆಯಲು ಪೆನ್ನು ತೆಗೆದು. ಹೊನ್ನಯ್ಯ ದೀಪದ ಡಬ್ಬಿಯನ್ನೇ ನೋಡುತ್ತಾ ನಿಂತಿದ್ದ, ಬಿಸಿಲಿಗೆ ಹಿಡಿದ ಹಾಗೆ ಕಣ್ಣು ಕಿರಿದು ಮಾಡಿ. ಬೆಳ್ಳಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಬಚ್ಚಲಲ್ಲಲ್ಲ ಡಾಕ್ಟ್ರೆ. ಆಗ ನಾನೇ ತಪ್ ಬರ್ಸಿದ್ದೆ ಮದ್ದೂರಲ್ಲಿ, ನಂಗ್ ಗೊತ್ತಿರ್ನಿಲ್ಲ. ಗಡೀಲಿ ಮೈನು ಉಗೀತಾ ಇದ್ರು. ಅದು ಸಿಡೀತು. ಅಂಗಂತ ಬರ್ಕಳಿ."

ಡಾಕ್ಟರು ಬರೆದುಕೊಂಡರು. ಬಚ್ಚಲ ಚೀಟಿಯನ್ನೂ ಇಡೋಣ ಎಂದರು, ತಪ್ಪು ಹೇಗಾಯಿತೆಂದು ಬರೆದೇ ಇಡೋಣ. ರಂಜಿತ ಪ್ರತಿಯೊಂದಕ್ಕೂ ಮೂರು ಜೆರಾಕ್ಸು ಮಾಡಿಸಿದಳು, ಆಮೇಲೆ ಹೆದರಿಕೆಗೆ ನಾಲ್ಕನೆಯದು. ಶಿವರಾಮು ಕಡತಕ್ಕೆ ದಾರ ಕಟ್ಟುವಾಗ ಟೇಪು ಹಚ್ಚಿದ ಫಿಲ್ಮನ್ನು ಎತ್ತಿ ಕಿಟಕಿಗೆ ಹಿಡಿದು, ಇಂಥದ್ದನ್ನು ಮಂಡಳಿಯವರು ನೋಡಿರಲಾರರು ಎಂದರು.

ಮಂಡಳಿಯವರು ನೋಡಿದರು. ಫಿಲ್ಮನ್ನು ಕೈಯಿಂದ ಕೈಗೆ ದಾಟಿಸಿದರಂತೆ, ಒಬ್ಬರು ಗ್ರಹಣದ ವಿಷಯವನ್ನು ಎರಡು ಸಲ ಕೇಳಿದರಂತೆ. ಮೂರು ತಿಂಗಳ ಮೇಲೆ ಅಂಚೆಯಲ್ಲಿ ಪತ್ರ ಬಂತು. ಗಾಯ ಸೇವೆಯಿಂದಲೇ ಆದದ್ದು ಎಂಬ ಸಾಲನ್ನು ರಂಜಿತ ಜಗಲಿಯಲ್ಲಿ ಗಟ್ಟಿಯಾಗಿ ಓದಿದಳು. ಕುರಿಗೆ ಸೊಪ್ಪು ಹಾಕುತ್ತಿದ್ದ ಹೊನ್ನಯ್ಯ ಇನ್ನೊಂದು ಸಲ ಓದು ಎಂದ. ಎದುರು ಬೀದಿಯಲ್ಲಿ ಹೋಗುತ್ತಿದ್ದ ಕೆಂಪಸಿದ್ದಯ್ಯ ನಿಂತು ಅದನ್ನು ಕೇಳಿಸಿಕೊಂಡು, ಮುಂದಿನ ಗ್ರಹಣಕ್ಕಾದರೂ ತನಗೆ ಕರಿ ಚೂರು ಬೇಕೆಂದು ಹೇಳಿ ಹೋದ.

ಹಿತ್ತಲಿನಿಂದ ಇಟ್ಟಿಗೆ ಉಜ್ಜುವ ಸದ್ದು ಬರುತ್ತಿತ್ತು. ರಂಜಿತ ಪತ್ರ ಹಿಡಿದು ಹೋಗಿ, ಇನ್ನು ಯಾಕತ್ತೆ ಎಂದಳು. ಬೆಳ್ಳಮ್ಮ ಕಲ್ಲಿನ ಗುಳಿಯಿಂದ ತಲೆ ಎತ್ತದೆ ಬಾಗಿಲ ಕಡೆ ಕೈ ತೋರಿಸಿದಳು. ಹೊಸ್ತಿಲಲ್ಲಿ ಅಪ್ಪು ಚೌಕಟ್ಟನ್ನು ಹಿಡಿದು ನಿಂತಿದ್ದ, ಅವತ್ತೇ ಕಲಿತ ಎರಡು ಹೆಜ್ಜೆಯ ಮೇಲೆ ಮೂರನೆಯದನ್ನು ಇಡಲೋ ಬೇಡವೋ ಎಂದು ನೋಡುತ್ತಾ.

ರಂಜಿತ ಪತ್ರವನ್ನು ರವಿಕೆಯೊಳಗೆ ಸೇರಿಸಿ, ಇನ್ನೊಂದು ಇಟ್ಟಿಗೆ ಚೂರು ಹುಡುಕಿಕೊಂಡು ಅತ್ತೆಯ ಎದುರು ಕೂತಳು.